ಕೊನೆಯ ರೇಟು

ಹಳೆಯ ವಸ್ತುವೊಂದನ್ನು ಮಾರಲು ಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆಯೇ ಕೊನೆಯದನ್ನು ಕುರಿತದ್ದು: ‘ಕೊನೆಯ ರೇಟು ಎಷ್ಟು?’ ನಮಸ್ಕಾರವಿಲ್ಲ, ಹೆಸರಿಲ್ಲ, ವಸ್ತು ಯಾವ ಸ್ಥಿತಿಯಲ್ಲಿದೆ ಎಂಬ ಕುತೂಹಲವೂ ಇಲ್ಲ. ಆದರೂ ಈ ಪ್ರಶ್ನೆಯನ್ನು ನಾನು ಹೇಗೋ ಸಹಿಸಬಲ್ಲೆ. ಸಹಿಸಲಾಗದ್ದು, ಕಳೆದ ವಾರ ಮಂಗಳೂರಿನ ಕಂಕನಾಡಿಯಿಂದ ಕರೆ ಮಾಡಿದ ಮಹನೀಯರೊಬ್ಬರು ನಾನು ಮಾರಲಿಟ್ಟ ಗಿಟಾರಿನ ಫೋಟೊ ನೋಡಿ ಕೇಳಿದ ಪ್ರಶ್ನೆ. ‘ಎಂತ ಮಾರಾಯ್ರೆ, ಇದರಲ್ಲಿ ಎರಡು ತಂತಿಯೇ ಇಲ್ವಲ್ಲ?’ ತಗ್ಗಿನ ನಾದದ ಬಾಸ್ ಗಿಟಾರಿಗೆ ಸಾಮಾನ್ಯವಾಗಿ ಇರುವುದೇ ನಾಲ್ಕು ತಂತಿ ಎಂದು ವಿನಯದಿಂದಲೇ ತಿಳಿಸಿದೆ. ‘ಹಾಗಾದ್ರೆ ಆರು ತಂತಿಯದ್ದಕ್ಕಿಂತ ಕಮ್ಮಿಗೆ ಕೊಡ್ಬೇಕಲ್ಲ’ ಎಂದರು. ತಂತಿಯ ಲೆಕ್ಕದಲ್ಲಿ ಬೆಲೆ ಕಟ್ಟುವುದಾದರೆ ಚೆಂಡೆಯನ್ನು ಪುಕ್ಕಟೆ ಹಂಚಬೇಕಾದೀತು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಮಾರುವವನ ನಾಲಗೆಗೆ ಅಷ್ಟು ಸ್ವಾತಂತ್ರ್ಯವಿರುವುದಿಲ್ಲ.

ಈ ಬಾಸ್ ನನ್ನ ಕೈಗೆ ಬಂದದ್ದು ಜೆಪ್ಪುವಿನ ಹಂಚಿನ ಮನೆಯೊಂದರ ಅಟ್ಟದಿಂದ. ಒಂದು ಕಾಲದಲ್ಲಿ ಮದುವೆಗಳಲ್ಲೂ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ರೋಸ್‌ಗಳಲ್ಲೂ ಬ್ಯಾಂಡಿನೊಂದಿಗೆ ನುಡಿಸುತ್ತಿದ್ದ ಹಿರಿಯರೊಬ್ಬರು, ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸುವ ಮುನ್ನ, ಗುಜರಿಗೆ ಹಾಕಲು ಮನಸ್ಸಾಗದೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ನನಗೆ ಕೊಟ್ಟರು. ಲಿಯೋ ಫೆಂಡರ್ 1951ರಲ್ಲಿ ಅಮೆರಿಕದಲ್ಲಿ ಹೊರತಂದ ಪ್ರಿಸಿಷನ್ ಬಾಸ್‌ನ ಮಾದರಿಯನ್ನು ಎಪ್ಪತ್ತರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಧಾರಾಳವಾಗಿ ನಕಲು ಮಾಡಿದವು. ಇದು ಆ ಸಂತಾನಕ್ಕೆ ಸೇರಿದ್ದು. ಕಂಪನಿಯ ಹೆಸರು ಅಳಿಸಿಹೋಗಿದೆ, ಹಿಂಬದಿಯ ತಗಡಿನ ಮೇಲೆ ‘ಮೇಡ್ ಇನ್ ಜಪಾನ್’ ಎಂಬುದಷ್ಟೇ ಉಳಿದಿದೆ. ತಂತಿಗಳಿಗೆ ತುಕ್ಕು ಹಿಡಿದಿತ್ತು, ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳು ಕಿಲುಬುಗಟ್ಟಿದ್ದವು, ಕತ್ತಿನಂಥ ಉದ್ದನೆಯ ಮರದ ಭಾಗವಾದ ನೆಕ್ ಬಿಲ್ಲಿನಂತೆ ಬಾಗಿತ್ತು. ನಾಲ್ಕು ತಂತಿಗಳ ಎಳೆತ ಒಟ್ಟು ಸುಮಾರು 75 ಕಿಲೊ, ಅಂದರೆ ಒಂದೂವರೆ ಗೋಣಿ ಕುಚ್ಚಲಕ್ಕಿಯ ಭಾರ. ಅದನ್ನು ನಮ್ಮ ಊರಿನ ಇಷ್ಟೊಂದು ಮಳೆಗಾಲ ಹೊತ್ತು ನಿಂತ ಮರ ಬಾಗದೆ ಇನ್ನೇನು ಮಾಡೀತು? ನೆಕ್ಕಿನೊಳಗಿನ ಉಕ್ಕಿನ ಸರಳನ್ನು ದಿನಕ್ಕೆ ಕಾಲು ಸುತ್ತಿನಂತೆ ಬಿಗಿಮಾಡಿ ನೇರಗೊಳಿಸಿದೆ. ನುಡಿಸಿದವರ ಮೊಣಕೈ ಉಜ್ಜಿ ಬಣ್ಣ ಹೋದ ಜಾಗಕ್ಕೆ ಬೈಕಿಗೆ ಹೊಡೆಯುವ ಪೇಂಟ್ ಹೊಡೆಸಿ ಎಂದು ನೆರೆಮನೆಯವರು ನೀಡಿದ ಸಲಹೆಯನ್ನು ಕೇಳಿಸದವನಂತೆ ದಾಟಿದೆ.

ಇವೆಲ್ಲ ಒಂದು ತಿಂಗಳಲ್ಲಿ ಮುಗಿದವು. ಇನ್ನೊಂದು ತಿಂಗಳನ್ನು ನುಂಗಿದ್ದು ಒಂದು ನಾಬ್. ವಾಲ್ಯೂಮ್ ಕಂಟ್ರೋಲಿನ ಮೂಲ ನಾಬ್ ಎಂದೋ ಕಳೆದುಹೋಗಿ, ಅದರ ಜಾಗದಲ್ಲಿ ಟೂತ್‌ಪೇಸ್ಟಿನ ಬಿಳಿಯ ಮುಚ್ಚಳವೊಂದು ಕುಳಿತಿತ್ತು. ಅಮೆರಿಕದ ಮಾದರಿಯ ವಾದ್ಯಕ್ಕೆ ಅಮೆರಿಕದ ನಾಬೇ ಸರಿ ಎಂದು ತರಿಸಿದೆ. ಅದು ಹಲ್ಲು ಸಡಿಲಾದ ಅಜ್ಜನಂತೆ ಅಲುಗಾಡಿತು. ಹಂಪನಕಟ್ಟೆಯ ಬಳಿ ಈಗಲೂ ರೇಡಿಯೋ ರಿಪೇರಿ ಮಾಡುವ ವೃದ್ಧರೊಬ್ಬರು ಕಣ್ಣಿಗೆ ಮಸೂರ ಸಿಕ್ಕಿಸಿ, ವರ್ನಿಯರಿನಲ್ಲಿ ಅಳೆದು, ಅಪರಾಧ ಸಾಬೀತಾದಂತೆ ತಲೆಯಾಡಿಸಿದರು. ನಾಬ್ ಕೂರುವ ಕಡ್ಡಿಯ ದಪ್ಪ ಅಮೆರಿಕದ್ದಾದರೆ ಕಾಲು ಇಂಚು, ಅಂದರೆ 6.35 ಮಿಲಿಮೀಟರ್, ಜಪಾನಿನದ್ದು ಸರಿಯಾಗಿ 6. ‘ಪೇಪರ್ ಸುತ್ತಿ ಹಾಕಿ’ ಎಂದರು. ಪೇಪರ್ ಸುತ್ತಿ ಹಾಕಲು ನಾನು ಇಷ್ಟು ದೂರ ಬರಬೇಕಿತ್ತೇ? ಅವರ ಡಬ್ಬಿಯಲ್ಲಿ 6 ಮಿಲಿಮೀಟರಿನದ್ದೂ ಒಂದಿತ್ತು, ಆದರೆ ಅದು ಫ್ಯಾನ್ ರೆಗ್ಯುಲೇಟರಿನದ್ದು. ಒಂದರಿಂದ ಐದರವರೆಗೆ ಅಂಕಿಗಳಿದ್ದವು. ಕೊನೆಗೆ ಬಂದರಿನ ಗುಜರಿ ಅಂಗಡಿಯೊಂದರಲ್ಲಿ ಕೆಟ್ಟುಹೋದ ಜಪಾನಿ ಆಂಪ್ಲಿಫಯರಿನ ಮುಖದ ಮೇಲೆ ನನಗೆ ಬೇಕಾದದ್ದು ಹೊಳೆಯಿತು. ಅಂಗಡಿಯವರು ನಾಬನ್ನು ಮಾತ್ರ ಬಿಚ್ಚಿ ಕೊಡಲು ಒಪ್ಪಲಿಲ್ಲ, ಇಡಿಯಾಗಿ ತೆಗೆದುಕೊಳ್ಳಬೇಕೆಂದರು, ತೂಗಿ ಹಣ ಪಡೆದರು. ಹದಿನಾಲ್ಕು ಕಿಲೊ ಕಬ್ಬಿಣವನ್ನು ಹೊತ್ತು ಬಂದರಿನಿಂದ ರಿಕ್ಷಾದಲ್ಲಿ ಮರಳುವಾಗ, 0.35 ಮಿಲಿಮೀಟರ್ ಎಂಬುದು ಎಷ್ಟು ದೊಡ್ಡ ಅಳತೆ ಎಂಬುದನ್ನು ನಾನು ಮನವರಿಕೆ ಮಾಡಿಕೊಳ್ಳುತ್ತಿದ್ದೆ. ಆ ಆಂಪ್ಲಿಫಯರ್ ಈಗ ನಮ್ಮ ಮಂಚದ ಕೆಳಗಿದೆ. ಅದರ ಬಗ್ಗೆ ಮನೆಯಲ್ಲಿ ನಡೆಯುವ ಮಾತುಕತೆಗೆ ಇಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಮಾಡಿದ ವಾದ್ಯವನ್ನು ಜನರು ಕೇಳಬಯಸುವುದು ಮೊಬೈಲಿನಲ್ಲಿ. ‘ಸೌಂಡ್ ಕಳಿಸಿ’ ಎನ್ನುತ್ತಾರೆ, ಕಳಿಸಿದರೆ ‘ಬರೀ ಟಕ್ ಟಕ್ ಕೇಳ್ತದೆ, ಕೆಟ್ಟಿದೆಯಾ?’ ಎನ್ನುತ್ತಾರೆ. ಬಾಸಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ 41 ಬಾರಿ ಕಂಪಿಸುತ್ತದೆ. ಉಗುರಿನಗಲದ ಮೊಬೈಲ್ ಸ್ಪೀಕರಿಗೆ ಆ ತಗ್ಗಿನ ನಾದವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಇದನ್ನು ಆರು ಜನರಿಗೆ ವಿವರಿಸಿದೆ. ಏಳನೆಯವರಿಗೆ, ನಿಮ್ಮ ಮೊಬೈಲೇ ಕೆಟ್ಟಿದೆ ಎಂದು ಹೇಳಿ ಫೋನ್ ಇಟ್ಟೆ.

ಕೊನೆಗೂ ಉಡುಪಿಯಿಂದ ಒಬ್ಬ ಹುಡುಗ ಮಳೆಯಲ್ಲಿ ನೆನೆದುಕೊಂಡೇ ಬಂದ. ತಂತಿಗಳನ್ನು ಎಣಿಸಲಿಲ್ಲ. ಅರ್ಧ ಗಂಟೆ ಕಣ್ಣುಮುಚ್ಚಿ ನುಡಿಸಿದ. ಅಡುಗೆಮನೆಯ ಸ್ಟೀಲ್ ಲೋಟಗಳು ಸಣ್ಣಗೆ ನಡುಗಿದವು, ನನಗೂ ಗಂಟಲು ಕಟ್ಟಿದಂತಾಯಿತು. ಆಮೇಲೆ ಕಣ್ಣು ತೆರೆದು, ನನ್ನ ಹದಿನಾಲ್ಕು ಕಿಲೊ ನಾಬನ್ನು ಬೆರಳಿನಿಂದ ತಟ್ಟಿ, ‘ಇದು ಒರಿಜಿನಲ್ ಅಲ್ಲ ಅಲ್ವಾ ಸರ್?’ ಎಂದ. ಬಂದಾಗ ಇದ್ದದ್ದು ಇದು ಎಂದು ಮೇಜಿನ ಖಾನೆಯಿಂದ ಟೂತ್‌ಪೇಸ್ಟಿನ ಮುಚ್ಚಳವನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದನ್ನೂ ಒಟ್ಟಿಗೆ ಕೊಡ್ತೀರಾ?’ ಎಂದು ಕೇಳಿದ. ಕೊಡುತ್ತೇನೆ ಎಂದೆ. ‘ಆದ್ರೆ ಈಗ ಆಟಿ ತಿಂಗಳು ಅಲ್ವಾ ಸರ್, ಹೊಸತು ಎಂತ ತಗೊಂಡ್ರೂ ಅಮ್ಮ ಒಪ್ಪುದಿಲ್ಲ. ಆಟಿ ಮುಗಿದು ಸೋಣ ಬಂದ ಮೇಲೆ ಬರ್ತೇನೆ, ಅಷ್ಟರಲ್ಲಿ ನೀವು ಕೊನೆಯ ರೇಟು ಆಲೋಚನೆ ಮಾಡಿಡಿ.’

ಆಟಿ ಮುಗಿಯಲು ಇನ್ನೂ ಹದಿನೆಂಟು ದಿನಗಳಿವೆ. ಮಳೆ ಬಿಟ್ಟಿಲ್ಲ, ನೆಕ್ ಮತ್ತೆ ಕೂದಲೆಳೆಯಷ್ಟು ಬಾಗಿದೆ. ನಿನ್ನೆ ರಾತ್ರಿ ಸುಮ್ಮನೆ ನಾಬನ್ನು ಬಿಚ್ಚಿ, ಮುಚ್ಚಳವನ್ನು ಮೊದಲಿನ ಜಾಗಕ್ಕೆ ಒತ್ತಿ ನೋಡಿದೆ. ಒಂದಿಷ್ಟೂ ಅಲುಗಲಿಲ್ಲ.