ಮೇ ರಜೆಗೆ ಮಕ್ಕಳೊಂದಿಗೆ ತಾಡೋಬಾ: ಹೋಗಬೇಕೇ, ಬೇಡವೇ?

ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಮೇ ತಿಂಗಳೆಂದರೆ ಊರು. ಮತ್ಸ್ಯಗಂಧ ರೈಲಿನ ಟಿಕೆಟು, ಮದುವೆ, ನೇಮ, ಹಲಸಿನಹಣ್ಣು. ಆ ರಜೆಯಲ್ಲೇ ನಾಲ್ಕು ದಿನ ಹೊಂದಿಸಿ ಮಕ್ಕಳಿಗೆ ಹುಲಿ ತೋರಿಸೋಣ ಎನ್ನುವವರು ಈಚೆಗೆ ಹೆಚ್ಚುತ್ತಿದ್ದಾರೆ. 45 ಡಿಗ್ರಿ ಬಿಸಿಲಿನ ಕಾಡಿಗೆ ಮಕ್ಕಳನ್ನು ಕರೆದೊಯ್ಯುವುದು ಸರಿಯೇ? ಎರಡು ಮಾತು ಇಲ್ಲಿವೆ.

ಪರ: ಬಿಸಿಲಿಗೆ ಹೆದರಿದರೆ ಹುಲಿ ಕಾಣದು

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶ ತೇಗ, ಬಿದಿರುಗಳ ಒಣಕಾಡು. ಅಕ್ಟೋಬರಿನಲ್ಲಿ ಗೇಟು ತೆರೆದಾಗ ಹುಲ್ಲು ಎಷ್ಟು ಎತ್ತರವಿರುತ್ತದೆಂದರೆ, ಹತ್ತು ಅಡಿ ಆಚೆ ಹುಲಿ ಮಲಗಿದ್ದರೂ ಗೊತ್ತಾಗದು. ಮೇ ಹೊತ್ತಿಗೆ ಎಲೆ ಉದುರಿ, ಹಳ್ಳ ಬತ್ತಿ, ನೀರು ಉಳಿಯುವುದು ಕೆರೆಗಳಲ್ಲಿ ಮತ್ತು ಸೋಲಾರ್ ಪಂಪಿನಿಂದ ತುಂಬಿಸುವ ಹೊಂಡಗಳಲ್ಲಿ ಮಾತ್ರ. ಪ್ರಾಣಿಗಳೆಲ್ಲ ಅಲ್ಲಿಗೇ ಬರಬೇಕು. ಹುಲಿ ನೀರಿಗಿಳಿಯುವ ರೀತಿಯನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ: ದಡಕ್ಕೆ ಬಂದು, ತಿರುಗಿ ನಿಂತು, ಹಿಂಗಾಲು ಮೊದಲು ಇಳಿಸುತ್ತ ಹೊಟ್ಟೆ ಮುಳುಗುವಷ್ಟು ಹಿಂದಕ್ಕೆ ಸರಿದು ಕೂರುತ್ತದೆ. ಮುಖಕ್ಕೆ ನೀರು ತಾಗಿಸಿಕೊಳ್ಳುವುದಿಲ್ಲ. ಕಣ್ಣು ದಾರಿಯ ಮೇಲೆಯೇ.

ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಕೋರ್, ಎಂದರೆ ನಡುವಿನ ಮುಖ್ಯ ಕಾಡು ಮುಚ್ಚಿರುತ್ತದೆ. ದೀಪಾವಳಿ ರಜೆಗೆ ಹುಲ್ಲು ಇನ್ನೂ ಹಸಿರು. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ. ಶಾಲೆಯ ಮಕ್ಕಳಿರುವ ಮನೆಗೆ ಉಳಿಯುವುದು ಮೇ ತಿಂಗಳೇ.

ಎಡವುವುದು ಬಿಸಿಲಿನಲ್ಲಲ್ಲ, ಬುಕಿಂಗಿನಲ್ಲಿ. ಹೆಚ್ಚಿನವರು ಮೊದಲು ರಿಸಾರ್ಟ್ ಹಿಡಿದು ಆಮೇಲೆ ಸಫಾರಿ ಹುಡುಕುತ್ತಾರೆ. ಇದು ತಿರುಗುಮುರುಗು. ಮೊದಲು ಗೇಟಿನ ಪರ್ಮಿಟ್, ನಂತರ ಅದೇ ಗೇಟಿನ ಹತ್ತಿರ ಕೋಣೆ, ಕೊನೆಗೆ ರೈಲು. ಮೊಹರ್ಲಿ ಗೇಟಿನ ಬಳಿ ಕೋಣೆ, ಕೋಲಾರಾ ಗೇಟಿನಲ್ಲಿ ಪರ್ಮಿಟ್ ಎಂದಾದರೆ ಕಾಡಿನ ಹೊರಗಿನಿಂದ ಸುತ್ತಿ ಬರಲು ಗಂಟೆಗಟ್ಟಲೆ ಬೇಕು. ಬೆಳಗಿನ ಸಫಾರಿ ಕೈತಪ್ಪಿತೆಂದೇ ಲೆಕ್ಕ. ಮಂಗಳವಾರ ಕಾಡಿಗೆ ವಾರದ ರಜೆ, ಅದನ್ನು ತಪ್ಪಿಸಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಮಾತ್ರ ತೆರೆಯುವುದರಿಂದ, ಪರ್ಮಿಟ್ ಕೈಯಲ್ಲಿಟ್ಟುಕೊಂಡು ಆ ದಿನ ಬೆಳಿಗ್ಗೆ ಎಂಟಕ್ಕೇ ಕಾದು ಕೂರಬೇಕು.

ನಮ್ಮವರಿಗೇ ವಿಶೇಷವಾಗಿ ಕಾಡುವ ತೊಡಕು ಇನ್ನೊಂದಿದೆ: ಹೆಸರು. ಪರ್ಮಿಟ್‌ನಲ್ಲಿ ‘ಕೆ. ಆರ್. ಶೆಟ್ಟಿ’, ಆಧಾರ್‌ನಲ್ಲಿ ತಂದೆಯ ಹೆಸರೆಲ್ಲ ಬಿಡಿಸಿ ಬರೆದದ್ದು. ಗೇಟಿನಲ್ಲಿ ಮೂಲ ಗುರುತುಚೀಟಿ ಹಿಡಿದು ಹೆಸರು ಹೊಂದಿಸಿ ನೋಡುತ್ತಾರೆ. ಕತ್ತಲಲ್ಲಿ ಹಿಂದಿನ ಜೀಪಿನವರು ಹಾರ್ನ್ ಹಾಕುತ್ತಿರುವಾಗ ‘ಇನಿಶಿಯಲ್’ ಎಂದರೇನೆಂದು ವಿವರಿಸುವ ಗತಿ ಬೇಡ. ಕಾರ್ಡಿನಲ್ಲಿ ಇದ್ದಂತೆಯೇ, ಮಕ್ಕಳದ್ದೂ ಸೇರಿ, ಅಕ್ಷರ ತಪ್ಪದೆ ತುಂಬಿ.

ಮೂರು ಸಫಾರಿ ಸಾಕು: ಎರಡು ಬೆಳಿಗ್ಗೆ, ಒಂದು ಸಂಜೆ. ಬಂದ ದಿನವೇ ಸಂಜೆ ಹೊರಡಬೇಡಿ, ಮಗು ಮಲಗಲಿ. ಒಂದು ಜಿಪ್ಸಿಯಲ್ಲಿ ಆರು ಮಂದಿ ಪ್ರವಾಸಿಗರು, ಜೊತೆಗೆ ಗೈಡ್, ಚಾಲಕ. ಹಿಂದಿನ ಸೀಟು ಎತ್ತರದಲ್ಲಿರುವುದರಿಂದ ಮಕ್ಕಳು ಅದಕ್ಕೇ ಜಗಳವಾಡುತ್ತಾರೆ. ಆದರೆ ಅದು ಹಿಂದಿನ ಚಕ್ರದ ಮೇಲೆಯೇ ಬರುವುದರಿಂದ ಗುಂಡಿ ಸಿಕ್ಕಿದಾಗಲೆಲ್ಲ ಎತ್ತಿ ಹಾಕುತ್ತದೆ. ಮಕ್ಕಳನ್ನು ನಡುವಿನ ಸಾಲಿನಲ್ಲೇ ಕೂರಿಸಿ. ಕೋರ್ ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಒಳ್ಳೆಯದೇ ಆಯಿತು. ಬದಲಿಗೆ ಕೈಗೆ ದುರ್ಬೀನು ಕೊಡಿ. 10x50 ಅಂಗಡಿಯವನು ಹೊಗಳುವ ಮಾಲು. ಭಾರ, ಪುಟ್ಟ ಕೈಯಲ್ಲಿ ನಡುಗುತ್ತದೆ. 8x30 ಅಥವಾ 8x32 ಸಾಕು.

ಕುಡಿಯುವ ನೀರು ತಲಾ ಕನಿಷ್ಠ ಒಂದು ಲೀಟರು, ಒದ್ದೆ ಬಟ್ಟೆ ಸುತ್ತಿದ ಬಾಟಲಿಯಲ್ಲಿ. 20.5 ಗ್ರಾಂನ ಓಆರ್‌ಎಸ್ ಪೊಟ್ಟಣ ಒಂದನ್ನು ಪೂರ್ತಿ ಒಂದು ಲೀಟರು ನೀರಿಗೇ ಹಾಕಬೇಕು. ಲೋಟಕ್ಕಿಷ್ಟು ಎಂದು ಅಂದಾಜಿಗೆ ಬೆರೆಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ತೋಳು ತುಂಬ ಮುಚ್ಚುವ ಹತ್ತಿಯ ಅಂಗಿ, ಕುತ್ತಿಗೆಗೆ ಒದ್ದೆ ಪಂಚೆ. ಮೇ 20ರೊಳಗೆ ಮುಗಿಸಿ ಬಂದರೆ ಊರಿನ ಮದುವೆಯೂ ತಪ್ಪುವುದಿಲ್ಲ.

ಹುಲಿ ಕಾಣದೇ ಹೋದರೆ? ಕಾಣದಿರಬಹುದು. ಹೊಂಡದ ಬಳಿ ಅರ್ಧ ಗಂಟೆ ಸುಮ್ಮನೆ ಕುಳಿತವರಿಗೆ ಕಾಟಿ, ಕಡವೆ, ಸೀಳುನಾಯಿ ಬಂದೇ ಬರುತ್ತವೆಂಬ ಖಾತ್ರಿಯೂ ಇಲ್ಲ. ಆದರೂ ಮುಸಿಯ ಮರದ ಮೇಲಿಂದ ಕೆಮ್ಮಿದಂತೆ ಕೂಗಿ, ಅದರ ಹಿಂದೆಯೇ ಕಡವೆ ‘ಢಾಂಕ್’ ಎಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಎಂದು ಮಗುವಿಗೆ ಕಿವಿಯಿಂದಲೇ ಕಲಿಸಲು ಎಲೆ ಉದುರಿದ ಈ ಕಾಡಿಗಿಂತ ಒಳ್ಳೆಯ ಜಾಗ ಮಹಾರಾಷ್ಟ್ರದಲ್ಲಿ ಕಡಿಮೆ.

ವಿರೋಧ: ಮಗುವಿನ ಬೆವರು ಕಾಣುವುದಿಲ್ಲ

ಓಆರ್‌ಎಸ್ ಲೆಕ್ಕ ಸರಿಯಾಗಿಯೇ ಇದೆ. ತಪ್ಪುವುದು ಬೇರೆಡೆ. ಮುಂಬೈಯವರಿಗೆ ಗೊತ್ತಿರುವುದು ಬೆವರು ಸುರಿಯುವ ಸೆಕೆ. ಲೋಕಲ್ ಇಳಿಯುವಾಗ ಅಂಗಿ ಬೆನ್ನಿಗೆ ಅಂಟಿದ್ದರೆ ನೀರು ಕುಡಿಯಬೇಕೆಂದು ತಾನಾಗಿ ತೋಚುತ್ತದೆ. ಚಂದ್ರಪುರದ ಗಾಳಿ ಒಣಗಾಳಿ. ತೆರೆದ ಜೀಪಿನಲ್ಲಿ ಬೆವರು ಮೂಡುವ ಮೊದಲೇ ಆವಿ. ಮಗುವಿನ ಹಣೆ ಒಣಗಿರುತ್ತದೆ, ‘ಇವನಿಗೇನೂ ಸೆಕೆಯಾಗಿಲ್ಲ’ ಎಂದು ಅಮ್ಮ ಭಾವಿಸುತ್ತಾಳೆ. ಆ ಹೊತ್ತಿಗೆ ನೀರು ಮೈಯಿಂದ ಹೋಗಿಯಾಗಿರುತ್ತದೆ. ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಎಂದರೆ ಸುಮಾರು 35 ಡಿಗ್ರಿಯನ್ನು ದಾಟಿದ ಮೇಲೆ ಬೀಸುವ ಗಾಳಿಯೇ ಮೈಗೆ ಶಾಖ ತುಂಬುತ್ತದೆ. ತಂಪು ಕೊಡುವ ಕೆಲಸವೆಲ್ಲ ಬೆವರಿನ ಪಾಲಿಗೆ. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಬೆವರು ಕಡಿಮೆ. ಎಂಟು ವರ್ಷದ ಮಗು ಅಪ್ಪನ ಅರ್ಧ ಅಳತೆಯ ಮನುಷ್ಯನಲ್ಲ.

ಬೆಳಗಿನ ಸಫಾರಿ ಸಹಿಸಬಹುದು, ಒಪ್ಪಿದೆ. ಆದರೆ ಹತ್ತರಿಂದ ನಾಲ್ಕರವರೆಗೆ? ಕೋಣೆಯ ಕೂಲರ್ ಕರೆಂಟಿನ ಮರ್ಜಿಯಲ್ಲಿ. ಸಂಜೆಯ ಸಫಾರಿ ಆರಂಭವಾಗುವುದು ದಿನದ ಅತಿ ಬಿಸಿ ಹೊತ್ತಿಗೆ, ನೆಲವೆಲ್ಲ ಕಾದಿರುವಾಗ. ಮಗು ಆರು ಗಂಟೆಗಳಿಂದ ಮೂತ್ರಕ್ಕೆ ಹೋಗಿಲ್ಲ, ತಲೆನೋವು ಎನ್ನುತ್ತದೆ, ಮಾತು ತೊದಲುತ್ತದೆ ಎಂದರೆ ಅದು ಆಯಾಸವಲ್ಲ. ನೆರಳು, ಮೈಗೆ ಒದ್ದೆ ಬಟ್ಟೆ, ಬೀಸಣಿಗೆ, ತಕ್ಷಣ ಆಸ್ಪತ್ರೆ. ಕಾಡಿನ ಒಳಗೆ ಇದ್ದೀರಿ, ಕೈಯಲ್ಲಿ ಮೊಬೈಲ್ ಇಲ್ಲ. ದೊಡ್ಡ ಆಸ್ಪತ್ರೆ ಚಂದ್ರಪುರದಲ್ಲಿ. ಈ ಲೆಕ್ಕವನ್ನೂ ಪರ್ಮಿಟ್ ಜೊತೆಗೇ ಹಾಕಬೇಕು. ವಿದರ್ಭದ ಶಾಲೆಗಳೇ ಬಿಸಿಲಿಗೆ ಹೆದರಿ ರಾಜ್ಯದ ಉಳಿದ ಕಡೆಗಿಂತ ತಡವಾಗಿ ತೆರೆಯುತ್ತವೆ. ಅಲ್ಲಿನವರು ಮಕ್ಕಳನ್ನು ಮನೆಯೊಳಗಿಡುವ ದಿನಗಳಲ್ಲೇ ನಾವು ನಮ್ಮ ಮಕ್ಕಳನ್ನು ತೆರೆದ ಜೀಪಿನಲ್ಲಿ ಕೂರಿಸಲು ಹೊರಟಿದ್ದೇವೆ.

ರೈಲು ಸಿಗದವರು ಮುಂಬೈ-ನಾಗಪುರ ನಡುವಿನ ಸಮೃದ್ಧಿ ಮಹಾಮಾರ್ಗ ಹಿಡಿಯುತ್ತಾರೆ. 2025ರ ಜೂನ್‌ನಲ್ಲಿ ಪೂರ್ತಿ ತೆರೆದ 701 ಕಿ.ಮೀ. ದಾರಿ, ಕಾರಿಗೆ ಗಂಟೆಗೆ 120ರ ಮಿತಿ. ಮೇ ಬಿಸಿಲಿನ ಕಾಂಕ್ರೀಟಿನ ಮೇಲೆ ಹಳೆಯ ಟೈರು ಸಿಡಿಯುವುದು ಗಾಳಿ ಹೆಚ್ಚಾಗಿ ಎಂದು ಹಲವರ ನಂಬಿಕೆ. ಬಹುಪಾಲು ಉಲ್ಟಾ: ಗಾಳಿ ಕಡಿಮೆಯಿದ್ದ ಟೈರು ಮಡಚಿ ಬಿಚ್ಚಿ ಒಳಗಿಂದ ಕಾಯುತ್ತದೆ. ಗಾಳಿ ನೋಡಬೇಕಾದ್ದು ಮನೆಯಿಂದ ಹೊರಡುವ ಮುನ್ನ, ಟೈರು ತಣ್ಣಗಿರುವಾಗ. ದಾರಿಯಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಏರಿದ್ದು ಕಂಡು ಗಾಳಿ ಇಳಿಸಿದರೆ ಅಪಾಯವನ್ನು ಕೈಯಾರೆ ಕರೆದಂತೆ.

‘ಮೇ 20ರೊಳಗೆ’ ಎನ್ನುವುದಕ್ಕೂ ಆಧಾರ ಸಾಲದು. ಮುಂಬೈಗೆ ಮುಂಗಾರು ಮುಟ್ಟುವ ಸಾಮಾನ್ಯ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಮುಟ್ಟಿತು. ಮುಂಗಾರೇ ಬೇಕಿಲ್ಲ, ಮೇ ತಿಂಗಳಲ್ಲಿ ಒಂದು ಗುಡುಗು ಮಳೆ ಬಿದ್ದರೂ ಕಾಡಿನ ಗುಂಡಿಗಳಲ್ಲೆಲ್ಲ ನೀರು ನಿಂತು ಪ್ರಾಣಿಗಳು ಹೊಂಡ ಬಿಟ್ಟು ಚದುರುತ್ತವೆ. ಬಿಸಿಲೂ ತಿಂದು, ಹುಲಿಯೂ ಇಲ್ಲ.

ಅದಕ್ಕಿಂತ ದೊಡ್ಡ ತಕರಾರು, ವನ್ಯಜೀವಿ ಎಂದರೆ ಹುಲಿ ಎಂಬ ಹಟದ ಬಗ್ಗೆ. ಮುಂಬೈ, ಪುಣೆ, ಗೋವಾದ ಮಗುವಿಗೆ ಇದು ಬೇಕಿಲ್ಲ. ಮೇ ತಿಂಗಳಲ್ಲೇ ನೋಡಬೇಕೇ? ಐರೋಲಿಯಿಂದ ಠಾಣೆ ಖಾಡಿಯ ದೋಣಿ ಹತ್ತಿ. ಖಾಡಿಯ ರಾಜಹಂಸಗಳು (ಫ್ಲೆಮಿಂಗೊ) ಸಾಮಾನ್ಯವಾಗಿ ಮೇವರೆಗೂ ಇರುತ್ತವೆ. 2015ರಲ್ಲಿ ಅದು ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೂ ಆಯಿತು. ಒಂದೇ ಎಚ್ಚರ: ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ದೋಣಿಯ ವೇಳೆಯೂ ಅದರ ಜೊತೆಗೇ. ಕಳೆದ ಭಾನುವಾರ ನೆರೆಯವರು ಹೋದ ಹೊತ್ತಿಗೇ ನೀವೂ ಹೋದರೆ ಕೆಸರು ಮಾತ್ರ ಕಂಡೀತು.

ಗೋವಾದವರು ಜೂನ್ ಕೊನೆಗೆ ಅಂಬೋಲಿ ಘಟ್ಟಕ್ಕೆ ಹೋಗಲಿ, ಸಾವಂತವಾಡಿಯಿಂದ ಸುಮಾರು 30 ಕಿ.ಮೀ. ಅಲ್ಲಿ ಹುಲಿಯ ಬದಲು ಕಪ್ಪೆ. ಅಂಬೋಲಿಯ ಹೆಸರನ್ನೇ ಹೊತ್ತ ಪೊದೆಗಪ್ಪೆ, ರಾತ್ರಿ ಕೊಂಬೆಯ ಮೇಲೆ ಕದಲದೆ ಕೂತ ಮಲಬಾರ್ ಗುಳಿಮಂಡಲ. ಈ ಹಾವು ಹಸಿರು, ಕಂದು, ಹಳದಿ ಎಂದು ಹಲವು ಬಣ್ಣಗಳಲ್ಲಿ ಇರುತ್ತದೆ. ಹಾಗಾಗಿ ಕತ್ತಲಲ್ಲಿ ಬೇಲಿ, ಕೊಂಬೆ, ಕಲ್ಲಿನ ಮೇಲೆ ಕೈಯಿಡಬಾರದು ಎಂಬುದು ಮಕ್ಕಳಿಗೆ ಮೊದಲ ಪಾಠ. ಗಮ್‌ಬೂಟು, ತಲೆಗೊಂದು ಟಾರ್ಚು, ಸ್ಥಳೀಯ ಗೈಡ್ ಇಲ್ಲದೆ ಹೊರಡಬೇಡಿ. ಕೈಗೆ ಓಡೋಮಾಸ್ ಬಳಿದು ಕಪ್ಪೆ ಮುಟ್ಟುವವರಿದ್ದಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ಆ ಮುಲಾಮು ನೇರ ಒಳಗೆ ಹೋಗುತ್ತದೆ. ಮುಟ್ಟುವುದೇ ಬೇಡ.

ತಾಡೋಬಾ ಎಂದೂ ಬೇಡವೆಂದಲ್ಲ. ಮಗು ಹನ್ನೆರಡು ದಾಟಲಿ, ಅಥವಾ ದೀಪಾವಳಿಯಲ್ಲಿ ಹೋಗಿ, ಹುಲಿ ಕಂಡರೆ ಲಾಭ ಎಂದುಕೊಳ್ಳಿ.

ಪುಣೆಯವರಿಗೆ, ಅದರಲ್ಲೂ ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗಿಬರುವವರಿಗೆ, ಭಿಗವಣ ದಾರಿಯಲ್ಲೇ ಸಿಗುತ್ತದೆ, ಪುಣೆಯಿಂದ ನೂರು ಕಿ.ಮೀ. ಚಿಲ್ಲರೆ. ಉಜನಿ ಅಣೆಕಟ್ಟಿನ ಹಿನ್ನೀರು, ನಮ್ಮ ಭೀಮೆಯದೇ. ದೀಪಾವಳಿಗೆ ಹೋದರೆ ಅಣೆಕಟ್ಟು ತುಂಬಿರುತ್ತದೆ. ನೀರು ಆಳವಿದ್ದಷ್ಟು ದಿನ ರಾಜಹಂಸಕ್ಕೆ ಕಾಲೂರಲು ಜಾಗವಿಲ್ಲ. ನೀರು ಇಳಿದು ಕೆಸರುದಡ ಏಳುವ ಜನವರಿಯ ಮೇಲೆ ಹೋಗಿ, 26ರ ರಜೆ ಇದ್ದೇ ಇದೆ. ಕುಂಭಾರಗಾಂವದಲ್ಲಿ ಬೆಳಿಗ್ಗೆ ಆರೂವರೆಗೆ ದೋಣಿ ಹತ್ತಿದರೆ ಪಟ್ಟೆತಲೆ ಹೆಬ್ಬಾತುಗಳೂ ಇನ್ನೂ ನೀರಿನಲ್ಲೇ ಇರುತ್ತವೆ. ಸೂರ್ಯ ಬೆನ್ನಿಗೆ ಬರುವಂತೆ ದೋಣಿ ನಿಲ್ಲಿಸಲು ಹೇಳಿ, ಹಕ್ಕಿ ಹತ್ತಿರವಾದಾಗ ಮೋಟಾರು ಆರಿಸಿ ಜಲ್ಲೆ ಹಾಕಲಿ. ಎಬ್ಬಿಸಿ ಹಾರಿಸುತ್ತೇನೆಂದು ಅಂಬಿಗ ತಾನಾಗಿ ಮುಂದಾದರೆ ಬೇಡವೆನ್ನಿ. ಹತ್ತುವ ಮೊದಲೇ ದಡದ ಮನೆಯಲ್ಲಿ ಊಟ ಹೇಳಿಟ್ಟರೆ, ಒಂಬತ್ತೂವರೆಗೆ ವಾಪಸಾಗುವಷ್ಟರಲ್ಲಿ ಚಿಲಾಪಿ ಮೀನು ಕಾವಲಿಯ ಮೇಲಿರುತ್ತದೆ. ಮೀನು ತಿನ್ನದವರಿಗೆ ಪಿಠಲ, ಭಾಕರಿ.