ಫ್ರೀ ಆಪರೇಷನ್ ಅಂದ ತಕ್ಷಣ ಮೂಗು ಮುರೀಬೇಡಿ ಮಾರಾಯ್ರೆ

ನಮ್ ಮಲ್ನಾಡಲ್ಲಿ ಒಂದು ಲೆಕ್ಕ ಇದೆ, ಕಣ್ಣಿಗೆ ಪೊರೆ ಬಂತು ಅಂದ್ರೆ ದುಡ್ಡಿದ್ದೋರು ಬೆಂಗ್ಳೂರಿಗೋ ಮಣಿಪಾಲಕ್ಕೋ ಹೋಗೋದು, ಇಲ್ದಿದ್ದೋರು ಕ್ಯಾಂಪ್ ಬಸ್ ಹತ್ತೋದು. ಶಿವಮೊಗ್ಗದ ಹರಕೆರೆಯಲ್ಲಿ, ತೀರ್ಥಹಳ್ಳಿ ರೋಡಲ್ಲೇ ಶಂಕರ ಕಣ್ಣಾಸ್ಪತ್ರೆ ಇದೆ, ಅದ್ರ ಮುಂದೇನೇ ಓಡಾಡೋರು ಕೂಡ "ಅದು ಫ್ರೀ ಆಸ್ಪತ್ರೆ ಅಲ್ವಾ" ಅಂತಾರೆ. ಫ್ರೀ ಅಂದ್ರೆ ಕಳಪೆ, ಕಲಿಯೋ ಡಾಕ್ಟ್ರು ಬಡವರ ಕಣ್ಣಲ್ಲಿ ಕೈ ಪಳಗಿಸ್ಕೋತಾರೆ ಅಂತ ಎಲ್ಲರ ತಲೇಲೂ ಕೂತುಬಿಟ್ಟಿದೆ. ನನಗೆ ಇದು ಪೂರ್ತಿ ಉಲ್ಟಾ ಅನ್ಸುತ್ತೆ.

ಪೊರೆ ಆಪರೇಷನ್ನು ಎಷ್ಟು ಮಾಡಿದ್ರೆ ಅಷ್ಟು ಚೆನ್ನಾಗಿ ಬರೋ ಕೆಲಸ, ಫ್ರೀ ಕಡೆ ಡಾಕ್ಟ್ರ ಕೈಗೆ ಅದೇ ಕೆಲಸ ಮತ್ತೆ ಮತ್ತೆ ಸಿಗುತ್ತೆ. ನಮ್ಮ ಬಾಗಲಕೋಟೆ ಕಡೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಸಾಮೂಹಿಕ ಶಿಬಿರ ಮಾಡ್ತಿದ್ರು, ಒಂದೇ ದಿನದಲ್ಲಿ 833 ಪೊರೆ ತೆಗೆದ ದಾಖಲೆ ಅವ್ರದ್ದು. ಆಗ ಒಳಗಡೆ ಲೆನ್ಸ್ ಹಾಕೋದು ಎಲ್ಲಿತ್ತು, ಕಣ್ಣಿನ ಮಸೂರಾನೇ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡೋರು, ನಮ್ಮ ಅಜ್ಜಂದಿರು ಹಾಕ್ಕೊಂಡು ಪೇಪರ್ ಓದ್ತಿದ್ರಲ್ಲ, ಅದೇ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಪ್ಲಾಸ್ಟಿಕ್ ಲೆನ್ಸ್ ಇಟ್ಟಿದ್ರು (ಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ಹೊಕ್ಕ ವಿಮಾನದ ಪ್ಲಾಸ್ಟಿಕ್ ಚೂರು ಕಣ್ಣನ್ನ ಕೆಡಿಸ್ಲಿಲ್ಲ ಅಂತ ನೋಡಿ ಹೊಳೆದ ಐಡಿಯಾ!), ಆದ್ರೆ ಅದು ಬಡವರ ಕಣ್ಣಿಗೆ ಬರೋಕೆ ಇನ್ನೂ ನಲ್ವತ್ತು ವರ್ಷ ಹಿಡೀತು. ಮಧುರೈನ ಅರವಿಂದ ಕಣ್ಣಾಸ್ಪತ್ರೆಯೋರು 1992ರಲ್ಲಿ ಅರೋಲ್ಯಾಬ್ ಅಂತ ಸ್ವಂತ ಫ್ಯಾಕ್ಟ್ರಿ ಹಾಕಿ ಲೆನ್ಸ್ ಮಾಡೋಕೆ ಶುರು ಮಾಡಿದ್ಮೇಲೇ ರೇಟು ಇಳಿದಿದ್ದು.

ಆ ಅರವಿಂದ ಶುರುವಾಗಿದ್ದು 1976ರಲ್ಲಿ, 11 ಹಾಸಿಗೆ ಇಟ್ಕೊಂಡು. ಅದನ್ನ ಕಟ್ಟಿದ ಡಾ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ರಿಟೈರ್ ಆದ್ಮೇಲೆ, ಸಂಧಿವಾತಕ್ಕೆ ಬೆರಳೆಲ್ಲ ಸೊಟ್ಟಗಾಗಿದ್ದ ಕೈಯಲ್ಲೇ ಆಪರೇಷನ್ ಮಾಡ್ತಿದ್ರು. ಅಲ್ಲಿ ಒಬ್ಬ ಸರ್ಜನ್ನಿಗೆ ಎರಡು ಟೇಬಲ್, ಒಂದ್ರಲ್ಲಿ ಮುಗಿಯೋ ಹೊತ್ತಿಗೆ ಸಿಸ್ಟರ್‌ಗಳು ಪಕ್ಕದ್ದನ್ನ ರೆಡಿ ಮಾಡಿರ್ತಾರೆ, ಮೈಕ್ರೋಸ್ಕೋಪ್ ಆ ಕಡೆ ತಿರುಗಿಸಿದ್ರೆ ಆಯ್ತು. ಹಣ ಕೊಡೋರ ಕಾಸಲ್ಲಿ ಕೊಡೋಕಾಗದೋರ ಆಪರೇಷನ್. ಶಂಕರದ್ದೂ ಹೆಚ್ಚುಕಮ್ಮಿ ಅದೇ ದಾರಿ, ಡಾ. ಆರ್.ವಿ. ರಮಣಿಯವ್ರು ಕೊಯಮತ್ತೂರಲ್ಲಿ 1977ರಲ್ಲಿ ಸಣ್ಣದಾಗಿ ಶುರು ಮಾಡಿದ್ದು, 80:20 ಅಂತ ಅವ್ರ ಲೆಕ್ಕ, ನೂರರಲ್ಲಿ 80 ಜನಕ್ಕೆ ಫ್ರೀ, ಉಳಿದ 20 ಜನ ದುಡ್ಡು ಕೊಡೋರು.

ಹಾಗಂತ ವ್ಯತ್ಯಾಸಾನೇ ಇಲ್ಲ ಅಂತ ಸುಳ್ಳು ಹೇಳಲ್ಲ. ದುಡ್ಡು ಕೊಟ್ರೆ ಸಾಮಾನ್ಯವಾಗಿ ಫೇಕೋ (ಮೆಷಿನ್ನಲ್ಲಿ ಪೊರೆ ಪುಡಿ ಮಾಡಿ ಹೀರೋದು), ಮಡಚೋ ಲೆನ್ಸು, ಎಸಿ ರೂಮು. ಫ್ರೀ ಕಡೆ ಹೆಚ್ಚಾಗಿ ಕೈಯಲ್ಲೇ ಸಣ್ಣ ಗಾಯ ಮಾಡಿ ಪೊರೆ ತೆಗೆಯೋ ವಿಧಾನ, ಅದಕ್ಕೂ ಹೊಲಿಗೆ ಬೇಡ. ಆದ್ರೆ ನಮ್ಮೋರು ಚೌತಿ ಮುಗೀಲಿ, ಅಡಿಕೆ ಕೊನೆ ಕೊಯ್ಲು ಮುಗೀಲಿ, ಪೊರೆ ಇನ್ನೂ ಹಣ್ಣಾಗ್ಲಿ ಅಂತ ಮುಂದೂಡಿ ಮುಂದೂಡಿ ಅದು ಕಲ್ಲಾದ್ಮೇಲೆ ಹೋಗೋದು, ಅಂಥ ಗಟ್ಟಿ ಪೊರೆಗೆ ಆ ಕೈ ವಿಧಾನಾನೇ ಎಷ್ಟೋ ಸಲ ಒಳ್ಳೇದು.

ನಮ್ಮ ಪಕ್ಕದ ಮನೆ ಅಜ್ಜಿ ಹಿಂಗೇ ಮಾಡಿದ್ದು. ಅಡಿಕೆ ಆರಿಸೋಕೆ ಕೂತ್ರೆ ಬೆಟ್ಟೆ ಯಾವ್ದು ಗೊರಬಲು ಯಾವ್ದು ಅಂತ ಬೆರಳಲ್ಲಿ ತಿರುಗಿಸಿ ನೋಡ್ತಿದ್ರು, ಆದ್ರೂ "ನನ್ ಕಣ್ಣೇನು ಅವ್ರಿಗೆ ಕಲಿಯಾಕೆ ಇಟ್ಕಂಡಿದೀನನಾ?" ಅಂತ ಕ್ಯಾಂಪಿಗೆ ಬರ್ಲೇ ಇಲ್ಲ. ಕೊನೆಗೆ ಸೊಸೆ ಬೈದು ಬಸ್ ಹತ್ತಿಸಿದ್ಳು. ಆಪರೇಷನ್ ಆಗಿ ಬಂದ್ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಜಗಲಿ ಮೇಲೆ ಕೂತು, ಸೊಸೆ ಆರಿಸಿಟ್ಟ ಅಡಿಕೆಯಲ್ಲಿ ತಪ್ಪು ತೆಗೀತಿದ್ರು. ಡ್ರಾಪ್ಸ್ ಹಾಕೋದು ಮಾತ್ರ ಮರೀತಿದ್ರು, ಅದಕ್ಕೂ ಸೊಸೇನೇ ಬೈಬೇಕು.

ಇನ್ನೊಂದು, ಈಗ ಶಾಲೆ ಬೆಂಚಿನ ಮೇಲೆ ಮಲಗಿಸಿ ಆಪರೇಷನ್ ಮಾಡ್ತಾರೆ ಅಂತ ಹೆದರೋರೂ ಇದಾರೆ. ಆ ಕಾಲ ಹೋಯ್ತು, ಸೋಂಕಿನ ಭಯಕ್ಕೇ ಅದು ನಿಂತಿದ್ದು. ಕ್ಯಾಂಪಲ್ಲಿ ಬರೀ ತಪಾಸಣೆ, ಆಪರೇಷನ್ ಆಸ್ಪತ್ರೆ ಥಿಯೇಟರಲ್ಲೇ.

ನನಗೆ ನಿಜವಾಗ್ಲೂ ಚಿಂತೆ ಇರೋದು ಶುಗರ್ ಇರೋರ ಬಗ್ಗೆ. ಪೊರೆ ತಡ ಆದ್ರೂ ಸಾಮಾನ್ಯವಾಗಿ ತೆಗೆದು ದೃಷ್ಟಿ ತರ್ಬಹುದು, ಆದ್ರೆ ಗ್ಲಾಕೋಮಾದಲ್ಲಿ (ಕಣ್ಣಿನ ನರ ಕೆಡೋ ಕಾಯಿಲೆ) ಹೋದ ದೃಷ್ಟಿ ವಾಪಸ್ ಬರಲ್ಲ, ಶುಗರಿಂದ ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾ, ಕೆಟ್ರೂ ಶುರುವಲ್ಲಿ ಗೊತ್ತೇ ಆಗಲ್ಲ. ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ ಕಣ್ಣು ಚೆನ್ನಾಗಿ ಕಾಣ್ತಿದ್ರೂ ವರ್ಷಕ್ಕೊಂದ್ಸಲ ರೆಟಿನಾ ಚೆಕ್ ಮಾಡ್ಸಿ, ಫ್ರೀ ಕಡೆ ಆದ್ರೂ ಸರಿ ದುಡ್ಡು ಕೊಟ್ಟಾದ್ರೂ ಸರಿ.