ಪ್ರಾರ್ಥನಾ ಮಾಡಿ ಹೇಳ್ತೇನ್ರಿ

ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬದ ದಿನ ಹರಾಜಿನ ಲೆಕ್ಕ ಬರೆದುಕೊಳ್ಳೋಕೆ ಒಬ್ಬರು ಬೇಕಾಗಿತ್ತು. ದೊಡ್ಡ ಕೆಲಸವೇನಲ್ಲ. ಆರಾಧನೆ ಮುಗಿದ ಮೇಲೆ ಜನ ತಂದುಕೊಟ್ಟ ಕುಂಬಳಕಾಯಿ, ಜೋಳದ ತೆನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ, ಯಾರೋ ಮನೆಯಲ್ಲಿ ಮಾಡಿಕೊಂಡು ಬಂದ ಕೇಕು, ಎಲ್ಲವನ್ನೂ ಒಂದೊಂದಾಗಿ ಕೂಗುತ್ತಾರೆ. ಯಾರು ಎಷ್ಟಕ್ಕೆ ತಗೊಂಡರು ಅಂತ ಬರೆದುಕೊಂಡು ದುಡ್ಡು ಇಸಕೊಂಡರೆ ಆಯಿತು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರೊಬ್ಬರು ನಮ್ಮ ಸಭೆಯಲ್ಲಿದ್ದಾರೆ. ಅವರನ್ನು ಕೇಳಿದೆ. ಅವರು ಕಣ್ಣು ಅರ್ಧ ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟು, "ಪ್ರಾರ್ಥನಾ ಮಾಡಿ ಹೇಳ್ತೇನ್ರಿ" ಅಂದರು.

ಹೀಗೆ ಅಂದವರನ್ನು ಮತ್ತೇನು ಕೇಳೋದು? "ಆಗಂಗಿಲ್ರಿ" ಅಂದಿದ್ದರೆ ಇನ್ನೊಂದು ಸಲ ಜಗ್ಗಾಡಬಹುದಿತ್ತು. "ಮೊಮ್ಮಗನ ಹುಟ್ಟುಹಬ್ಬ ಐತ್ರಿ" ಅಂದಿದ್ದರೆ, ಅರ್ಧ ತಾಸು ಬಂದು ಹೋಗ್ರಿ ಅನ್ನಬಹುದಿತ್ತು. ನಡುವೆ ದೇವರನ್ನೇ ತಂದು ನಿಲ್ಲಿಸಿದ ಮೇಲೆ ಯಾರ ಹತ್ತಿರ ಚೌಕಾಶಿ ಮಾಡಲಿ? ಇದೇ ಹಿರಿಯರಿಗೆ ಕ್ರಿಸ್ಮಸ್ ಮರುದಿನ ನಮ್ಮ ಮನೆಗೆ ಮಟನ್ ಊಟಕ್ಕೆ ಬರ್ರಿ ಅಂದಾಗ ಪ್ರಾರ್ಥನೆಯ ಮಾತೇ ಬರಲಿಲ್ಲ. "ಎಷ್ಟೊತ್ತಿಗೆ?" ಅಂತಷ್ಟೇ ಕೇಳಿದ್ದರು.

ಈ ಉತ್ತರ ಎಲ್ಲೆಲ್ಲಿ ಬರುತ್ತದೆ ನೋಡಿ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೀರಾ? ಪ್ರಾರ್ಥನೆ ಮಾಡಬೇಕು. ನಮ್ಮ ಸಭೆಯ ಅಜ್ಜಿಯೊಬ್ಬರು ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ ಮಲಗಿದ್ದಾರೆ, ಒಂದು ರಾತ್ರಿ ಜೊತೆಗೆ ಇರುತ್ತೀರಾ? ಪ್ರಾರ್ಥನೆ ಮಾಡಬೇಕು. ಕುರ್ಚಿ ಎತ್ತಿಡುತ್ತೀರಾ? ಅದಕ್ಕೂ ಮೇಲಿಂದ ಅಪ್ಪಣೆ ಬರಬೇಕು. ಆದರೆ ಮಗನಿಗೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡುವಾಗ, ಕಂಪೌಂಡ್ ಗೋಡೆ ಸಲುವಾಗಿ ಪಕ್ಕದ ಮನೆಯವನ ಮೇಲೆ ಕೇಸು ಹಾಕುವಾಗ, ಒಡಹುಟ್ಟಿದವರ ಜೊತೆ ಮಾತು ಬಿಡುವಾಗ ಎಲ್ಲರಿಗೂ ಜ್ಞಾನ ತಾನಾಗಿಯೇ ತುಂಬಿ ತುಳುಕುತ್ತಿರುತ್ತದೆ. ಅಲ್ಲಿಗೆ ವಕೀಲರು ಸಾಕು.

ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಿಕೊಳ್ಳಲಿ, ಆತ ಹಂಗಿಸದೆ ಕೊಡುತ್ತಾನೆ ಅಂತ ಬೈಬಲ್ಲಿನ ಯಾಕೋಬನ ಪತ್ರಿಕೆಯ ಮೊದಲನೇ ಅಧ್ಯಾಯದಲ್ಲೇ ಇದೆ. ಆ ಹಂಗಿಸದೆ ಅನ್ನೋ ಮಾತು ನನಗೆ ಬಹಳ ಸೇರುತ್ತದೆ. ಕುರ್ಚಿ ಎತ್ತಿಡುವ ಬಗ್ಗೆ ಇಷ್ಟು ಜನ ಕೇಳಿದರೂ ಹಂಗಿಸದೆ ಇರಬೇಕಾದರೆ ದೇವರಾಗಿಯೇ ಇರಬೇಕು. ನಮ್ಮಿಂದ ಆಗುವುದಿಲ್ಲ.

ಇನ್ನೊಂದು ಪೈಕಿಯವರಿದ್ದಾರೆ. ಇವರು ತಮಗಾಗಿ ಕೇಳುವುದೇ ಇಲ್ಲ. ನಮಗಾಗಿ ಕೇಳಿಕೊಂಡು ಬಂದು ಹೇಳುತ್ತಾರೆ. "ದೇವರು ನಿಮಗ ಒಂದ್ ಮಾತು ಹೇಳು ಅಂದಾನ್ರಿ." ಸಾಮಾನ್ಯವಾಗಿ ಆ ಮಾತು ಅವರಿಗೂ ಅನುಕೂಲವಾಗಿಯೇ ಇರುತ್ತದೆ. ನನ್ನ ನಂಬರ್ ದೇವರ ಹತ್ತಿರ ಇಲ್ಲೇನು ಅಂತ ಕೇಳಬೇಕು ಅನಿಸುತ್ತದೆ. ಚರ್ಚಿನ ಅಂಗಳ ಅಂತ ಸುಮ್ನೆ ಇರುತ್ತೇನೆ.

ನಿಜವಾಗಿ ಕೇಳುತ್ತಿದ್ದವರು ಅಂದರೆ ನಮ್ಮ ಕಾಕಾ.

ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಮನೆ ಧಾರವಾಡದಲ್ಲಿ. ಎಂಬತ್ತರ ದಶಕದ ಮಾತು. ಎರಡೂ ಊರ ನಡುವೆ ಓಡೋ ಈಗಿನ ಚಿಗರಿ ಬಸ್ಸು ಆಗ ಇರಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಪ್ಯಾಸೆಂಜರ್ ಹಿಡಿಯೋದು, ಸಂಜೆ ಎಣ್ಣೆ ಕಮಟು ಹೊತ್ತುಕೊಂಡು ವಾಪಸ್ ಬರೋದು. ಇಪ್ಪತ್ತು ಕಿಲೋಮೀಟರ್ ಏನು ದೂರ ಅಂತೀರಿ. ಪ್ಯಾಸೆಂಜರ್ ಗಾಡಿ ನವಲೂರಿನಲ್ಲಿ ನಿಂತರೆ ಇಪ್ಪತ್ತು ಕಿಲೋಮೀಟರ್ ಎಷ್ಟು ಅಂತ ಗೊತ್ತಾಗುತ್ತಿತ್ತು. ಅಂಥದರಲ್ಲಿ ಕೇಶ್ವಾಪುರದ ಕಡೆ ಒಂದು ಪ್ಲಾಟು ಮಾರಾಟಕ್ಕಿದೆ ಅಂತ ಸುದ್ದಿ ಬಂತು. ಧಾರವಾಡದ ಮನೆ ಮಾರಿ ಹುಬ್ಬಳ್ಳಿಯಲ್ಲಿ ಕಟ್ಟೋಣ ಅಂತ ಕಾಕಾ ಹೇಳಿದರು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಪ್ಪಲಿಲ್ಲ. ಸರ್ಕಾರ 1962ರಲ್ಲೇ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದೆ. ಆದರೆ ಚಿಗವ್ವನನ್ನು ಯಾರೂ ಕೇಳಿರಲಿಲ್ಲ. ಆಕೆಯ ಲೆಕ್ಕದಲ್ಲಿ ಹುಬ್ಬಳ್ಳಿ ಅಂದರೆ ಸೀರೆ ತರೋಕೆ ಹೋಗಿ ಸಂಜೆಯೊಳಗೆ ತಿರುಗಿ ಬರಬೇಕಾದ ಊರು. ಅಲ್ಲಿ ಧೂಳು, ಬಿಸಿಲು, ಗದ್ದಲ. ಇಲ್ಲಿ ಹಿತ್ತಲಲ್ಲಿ ಪೇರಲ ಗಿಡ, ಬಾವಿ, ಕರೆದರೆ ಓಗೊಡುವಷ್ಟು ಹತ್ತಿರ ತವರುಮನೆ. "ನೀವು ಬೇಕಾದ್ರ ಹೋಗ್ರಿ, ರವಿವಾರ ಊಟಕ್ಕ ಬರ್ರಿ" ಅಂದುಬಿಟ್ಟಳು.

ಮಾತಿನಲ್ಲಿ ಆಕೆಯನ್ನು ಗೆಲ್ಲೋದು ಆಗದ ಕೆಲಸ. ಅದಕ್ಕೇ ಕಾಕಾ ಮೇಲಿನ ಕೋರ್ಟಿಗೆ ಹೋದರು. ನ್ಯಾಯಸ್ಥಾಪಕರ ಪುಸ್ತಕದ ಆರನೇ ಅಧ್ಯಾಯ ತೆಗೆದು, ಗಿದ್ಯೋನ ಮಾಡಿದ್ದನ್ನೇ ಮಾಡುತ್ತೇನೆ ಅಂತ ಹೊರಟರು. ಗಿದ್ಯೋನ ಕಣದಲ್ಲಿ ಕುರಿಯ ಉಣ್ಣೆ ಹಾಸಿ ಇಟ್ಟಿದ್ದ. ಬೆಳಿಗ್ಗೆ ಉಣ್ಣೆ ಮಾತ್ರ ಮಂಜಿನಿಂದ ನೆನೆದು ನೆಲ ಒಣಗಿದ್ದರೆ ದೇವರು ಹೂಂ ಅಂದ ಹಾಗೆ. ಕಾಕಾನ ಮನೆಯಲ್ಲಿ ಕಣ ಇರಲಿಲ್ಲ, ಅಂಗಳ ಇತ್ತು. ಉಣ್ಣೆಗೆ ಕುರುಬರ ಕರಿ ಕಂಬಳಿ ಇತ್ತು. ಕಂಬಳಿ ಹಸಿ, ನೆಲ ಒಣ ಆದರೆ ಹುಬ್ಬಳ್ಳಿ. ಇಲ್ಲದಿದ್ದರೆ ಧಾರವಾಡ.

ತೊಂದರೆ ಏನಂದರೆ ಈ ಯೋಚನೆ ಬಂದದ್ದು ಜುಲೈನಲ್ಲಿ. ಧಾರವಾಡದ ಜುಲೈ ಗೊತ್ತಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡೋದಿಲ್ಲ. ಅಂಗಳ ಒಣಗಿರುವ ಮಾತೇ ಇಲ್ಲ. ಕಾಕಾ ಕಾದರು. "ದೇವರೂ ಮಳಿಗಾಲ ಮುಗಿಯೂತನಾ ಕಾಯಬೇಕಾತಲ್ರಿ, ಪಾಪ" ಅಂತ ಚಿಗವ್ವ ರೊಟ್ಟಿ ಬಡಿಯುತ್ತಾ ಅನ್ನುತ್ತಿದ್ದಳು. ದಸರೆ ಹೋಯಿತು, ದೀಪಾವಳಿ ಹೋಯಿತು. ಡಿಸೆಂಬರ್ ಬಂದ ಮೇಲೆ ಒಂದು ರಾತ್ರಿ ಊಟ ಮಾಡಿ, ಪ್ರಾರ್ಥನೆ ಮಾಡಿ, ಕಾಕಾ ಅಂಗಳದ ನಡುವೆ ಕಂಬಳಿ ಹಾಸಿ, ಹಾರದ ಹಾಗೆ ನಾಲ್ಕೂ ಮೂಲೆಗೆ ಕಲ್ಲಿಟ್ಟು ಮಲಗಿದರು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳವೆಲ್ಲ ಹಸಿ. ಚಿಗವ್ವ ಐದು ಗಂಟೆಗೇ ಕಸ ಹೊಡೆದು ನೀರು ಚಿಮುಕಿಸಿ ಒಳಗೆ ಹೋಗಿದ್ದಳು. ಕಂಬಳಿಯನ್ನು ಮಾತ್ರ ಮುಟ್ಟಿರಲಿಲ್ಲ. ಕಂಬಳಿಯ ಸುತ್ತ ಅಚ್ಚುಕಟ್ಟಾಗಿ ನೀರು ಹೊಡೆದಿದ್ದಳು. ಕಾಕಾ ಸಿಟ್ಟಿಗೆದ್ದರು. ಆಕೆ, "ಅಂಗಳಕ್ಕ ನೀರು ಹೊಡಿಯೂದು ನಾನು ದಿನಾ ಮಾಡೂ ಕೆಲಸ. ದೇವರಿಗೆ ಗೊತ್ತಿರ್ತದ. ಅದನ್ನೂ ಲೆಕ್ಕಕ್ಕ ಹಿಡದಿರ್ತಾನ ಬಿಡ್ರಿ" ಅಂದಳು. ಇದಕ್ಕೆ ಉತ್ತರ ಕೊಡಬಲ್ಲ ಪಾದ್ರಿಗಳನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ.

ಮರುದಿನ ರಾತ್ರಿ ಮತ್ತೆ ಕಂಬಳಿ ಹೊರಗೆ ಬಂತು. ಬೆಳಿಗ್ಗೆ ನೀರು ಹೊಡೆಯಬಾರದು ಅಂತ ಕರಾರಾಯಿತು. ಆದರೆ ಓಣಿಯ ನಾಯಿಯ ಜೊತೆ ಯಾರೂ ಕರಾರು ಮಾಡಿರಲಿಲ್ಲ. ಡಿಸೆಂಬರ್ ಚಳಿಯಲ್ಲಿ ಅಂಗಳದ ನಡುವೆ ಕಂಬಳಿ ಹಾಸಿ ಕೊಟ್ಟರೆ ಯಾವ ನಾಯಿ ಬಿಡುತ್ತದೆ? ಬೆಳಕಾಗುವಾಗ ಕಂಬಳಿಯ ಮೇಲೆಲ್ಲ ಸಣ್ಣಗೆ ಮಂಜು ಕೂತಿತ್ತು. ನಡುವೆ ನಾಯಿ ಸುರುಳಿ ಸುತ್ತಿ ಮಲಗಿದಷ್ಟು ಜಾಗ ಮಾತ್ರ ಬೆಚ್ಚಗೆ, ಒಣಗಿಕೊಂಡು, ಒಂದಿಷ್ಟು ಕೂದಲಿನ ಸಮೇತ ಇತ್ತು. ನೆಲ ಅಲ್ಲಲ್ಲಿ ಹಸಿ, ಅಲ್ಲಲ್ಲಿ ಒಣ. ಕಾಕಾ ಬಾಗಿ ಬಾಗಿ ಅಂಗೈಯಿಂದ ಮಣ್ಣು ಮುಟ್ಟಿ ನೋಡಿದರು. ಎದುರು ಮನೆಯವರು ಬಂದರು. "ಏನ್ ಕಳಕೊಂಡೀರಿ?" ಅಂದರು. ಅವರೂ ಹುಡುಕತೊಡಗಿದರು. ವಿಷಯ ತಿಳಿದ ಮೇಲೆ ಒಬ್ಬರು ನೆಲ ಹಸಿ ಅಂದರು, ಇನ್ನೊಬ್ಬರು ಒಣ ಅಂದರು. ಚಿಗವ್ವ ಚಹಾ ಕೊಡುತ್ತಾ, "ನಾಯಿಗಿ ಕೇಳ್ರಿ, ರಾತ್ರಿಯೆಲ್ಲಾ ಅಲ್ಲೇ ಇತ್ತು" ಅಂದಳು.

ಕೊನೆಗೆ ಸಭಾಪಾಲಕರನ್ನು ಕರೆಸಿದರು. ಅವರು ನಕ್ಕರು. ಗಿದ್ಯೋನನಿಗೆ ಏನು ಮಾಡಬೇಕು ಅಂತ ದೇವರು ಮೊದಲೇ ಸ್ಪಷ್ಟವಾಗಿ ಹೇಳಿದ್ದ, ಉಣ್ಣೆ ಹಾಸಿದ್ದು ನಂಬಿಕೆ ಸಾಲದ್ದಕ್ಕೆ ಅಂದರು. ಅಧ್ಯಾಯ ಓದಿದರೆ ಅದು ನಿಜವೇ. ಕಾಕಾಗೆ ಮಾತ್ರ ಮನಸ್ಸಿಗೆ ನೋವಾಯಿತು. ಆರು ತಿಂಗಳು ಕಾದವರಿಗೆ ನಂಬಿಕೆ ಸಾಲದು ಅಂದರೆ ಹೇಗೆ?

ಆಗ ಉಳಿದದ್ದು ವಾಗ್ದಾನದ ಕಾರ್ಡು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ವಚನ ಬರೆದ ಕಾರ್ಡುಗಳನ್ನು ಬೋರಲಾಗಿ ಇಟ್ಟುಕೊಂಡು ಬರುತ್ತಾರಲ್ಲ, ಅದು. ಕಾಕಾ ಎತ್ತಿದ ಕಾರ್ಡಿನಲ್ಲಿ ನನ್ನ ಸನ್ನಿಧಿ ನಿನ್ನ ಸಂಗಡ ಬರುವುದು ಅನ್ನೋ ವಿಮೋಚನಕಾಂಡದ ಮಾತಿತ್ತು. ಅವರ ಮುಖ ಅರಳಿತು. ಸಂಗಡ ಬರುತ್ತೇನೆ ಅಂದರೆ ಹೋಗಬೇಕು ಅಂತಲೇ ಅರ್ಥ ಅಲ್ವಾ? ಚಿಗವ್ವ ತನ್ನ ಕಾರ್ಡು ತೋರಿಸಿದಳು. ಮೂವತ್ತೇಳನೇ ಕೀರ್ತನೆ. ದೇಶದಲ್ಲಿ ವಾಸವಾಗಿರು ಅಂತ. ಒಂದೇ ತಟ್ಟೆ, ಒಂದೇ ಮನೆ, ಗಂಡನಿಗೆ ಹೋಗು, ಹೆಂಡತಿಗೆ ಇರು. ಹೊಸ ವರ್ಷದ ಮೊದಲ ದಿನ ಅವರ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಚೀಟಿ ಎತ್ತಿ ದೇವರ ಚಿತ್ತ ನೋಡೋದು ನಮ್ಮೊಬ್ಬರದೇ ಹುಚ್ಚಲ್ಲ. ಜರ್ಮನಿಯ ಹೆರ್ನ್‌ಹುಟ್ ಅನ್ನೋ ಊರಿನಲ್ಲಿ ಮೊರೇವಿಯನ್ ಸಭೆಯವರು 1728ರಿಂದ ದಿನಕ್ಕೊಂದು ವಚನ ಇಟ್ಟುಕೊಂಡು ಬಂದಿದ್ದಾರೆ. 1731ರಿಂದ ಪ್ರತಿ ವರ್ಷ ಅದು ಪುಸ್ತಕವಾಗಿ ಅಚ್ಚಾಗುತ್ತಿದೆ. ಈಗಲೂ ಹಳೆ ಒಡಂಬಡಿಕೆಯ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಒಂದು ಕಾಲದಲ್ಲಿ ಅವರು ಮದುವೆಗೂ ಚೀಟಿ ಎತ್ತುತ್ತಿದ್ದರು. ನಮ್ಮ ಕಡೆಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮೊರೇವಿಯನ್ನರಲ್ಲ. ಆದರೆ ಮದುವೆ ವಿಷಯದಲ್ಲಿ ಅವರೇನು ಕಡಿಮೆ ಇರಲಿಲ್ಲ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಮಿಶನ್ ಇದು. ಪಾದ್ರಿ ಮದುವೆಯಾಗಬೇಕಾದರೆ ಬಾಸೆಲ್ಲಿನ ಕಮಿಟಿಗೆ ಅರ್ಜಿ ಹಾಕಬೇಕಿತ್ತು. ಎಷ್ಟೋ ಸಲ ವಧುವನ್ನು ಅಲ್ಲಿಂದಲೇ ಹಡಗಿನಲ್ಲಿ ಕಳಿಸುತ್ತಿದ್ದರು. ಮೊದಲು ಮುಖ ನೋಡಿರದಿದ್ದರೂ ಆ ಹುಡುಗಿಯರು ಇದು ದೇವರ ಕರೆ ಅಂತ ಹೊರಟು ಬರುತ್ತಿದ್ದರು. ಕಾಕಾ ಈ ಸಂಗತಿಯನ್ನು ಎಲ್ಲಿಂದಲೋ ತಿಳಿದುಕೊಂಡು ಬಂದು, "ನೋಡು, ಅವರು ಹಡಗು ಹತ್ತಿ ಇಲ್ಲೀತನಾ ಬಂದ್ರು. ನಿನಗ ಕೇಶ್ವಾಪುರ ದೂರ ಆತೇನು?" ಅಂದರು. ಚಿಗವ್ವ, "ಅವರೂ ಬಂದದ್ದು ಧಾರವಾಡಕ್ಕ ಮೊದಲು" ಅಂದಳು. ಇಸವಿ ನೋಡಿದರೆ ಆಕೆ ಹೇಳಿದ್ದೇ ಸರಿ.

ಇಷ್ಟೆಲ್ಲ ಆಗುವಷ್ಟರಲ್ಲಿ ಪ್ಲಾಟು ಹೋಯಿತು. ಯಾರೋ ಮಳೆಗಾಲದಲ್ಲೇ ಅಡ್ವಾನ್ಸ್ ಕೊಟ್ಟಿದ್ದರಂತೆ, ಕಾಕಾಗೆ ಹೇಳಿದವರು ಯಾರೂ ಇರಲಿಲ್ಲ. ಅಂದರೆ ಕಂಬಳಿ ಹಾಸಿದ ರಾತ್ರಿ ಅದು ಆಗಲೇ ಬೇರೆಯವರದಾಗಿತ್ತು. ಸುದ್ದಿ ಕೇಳಿ ಗಂಡ ಹೆಂಡತಿ ಇಬ್ಬರೂ "ದೇವರ ಚಿತ್ತ" ಅಂದರು. ಒಬ್ಬರು ಅಂದ ಹಾಗೆ ಇನ್ನೊಬ್ಬರು ಅನ್ನಲಿಲ್ಲ. ಕಾಕಾ ರಿಟೈರ್ ಆಗೋವರೆಗೂ ಅದೇ ಪ್ಯಾಸೆಂಜರಿನಲ್ಲಿ ಓಡಾಡಿದರು. ಈಗ ಆ ಜಾಗದಲ್ಲಿ ಮೂರು ಮಹಡಿಯ ಕಟ್ಟಡ ಇದೆ, ಕೆಳಗೆ ಮೊಬೈಲ್ ಅಂಗಡಿ. ಕಾಕಾನ ಮಕ್ಕಳು ಆ ಕಡೆ ಹೋದಾಗೆಲ್ಲ ಬಾಡಿಗೆ ಎಷ್ಟು ಬರುತ್ತಿರಬಹುದು ಅಂತ ಲೆಕ್ಕ ಹಾಕುತ್ತಾರೆ. ಎಲ್ಲಾ ಒಳ್ಳೆಯದಕ್ಕೇ ಆಯಿತು ಅಂತ ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ಹಾಗೆ ಹೇಳೋವವರನ್ನು ಕಂಡರೂ ನನಗಾಗುವುದಿಲ್ಲ. ಆಗಿಹೋದ ಮೇಲೆ ದೇವರ ಚಿತ್ತ ಓದೋದು ಯಾರಿಗೆ ಬರುವುದಿಲ್ಲ?

ಜ್ಞಾನವನ್ನೇ ಬೇಡಿ ಪಡೆದ ಸೊಲೊಮೋನನ ಕಥೆ ಏನಾಯಿತು ನೋಡಿ. ಏಳುನೂರು ಹೆಂಡತಿಯರು. ಮೇಲೆ ಮುನ್ನೂರು ಉಪಪತ್ನಿಯರು. ಕಾಕಾಗೆ ಇದ್ದವಳು ಒಬ್ಬಳೇ ಚಿಗವ್ವ, ಅಷ್ಟಕ್ಕೇ ಆರು ತಿಂಗಳು ಬೇಕಾಯಿತು. ಯೇಸುವಿನ ಶಿಷ್ಯರಾದ ಅಪೊಸ್ತಲರು ಚೀಟಿ ಹಾಕಿ ಆರಿಸಿದ ಮತ್ತೀಯನ ಹೆಸರು ಆಮೇಲೆ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಬರುವುದಿಲ್ಲ. ಯಾವುದಾದರೂ ಕಮಿಟಿಗೆ ಹಾಕಿರಬೇಕು.

ನನಗೆ ನಿಜವಾಗಿ ತಿಳಿಯದೇ ಉಳಿದಿರೋದು ಬೇರೆ. ಅಪೊಸ್ತಲರ ಕೃತ್ಯಗಳ ಹದಿನಾರನೇ ಅಧ್ಯಾಯದಲ್ಲಿ ಪೌಲ ಆಸ್ಯಸೀಮೆಯಲ್ಲಿ ವಾಕ್ಯ ಸಾರಬೇಕು ಅಂದರೆ ಪವಿತ್ರಾತ್ಮ ತಡೆಯುತ್ತಾನೆ. ಬಿಥೂನ್ಯಕ್ಕೆ ಹೋಗಬೇಕು ಅಂದರೆ ಅಲ್ಲಿಗೂ ಬಿಡುವುದಿಲ್ಲ. ಆಮೇಲೆ ರಾತ್ರಿ ಮಕೆದೋನ್ಯದ ಒಬ್ಬ ಮನುಷ್ಯ ದರ್ಶನದಲ್ಲಿ ಕಾಣಿಸಿ ಬಾ ಅನ್ನುತ್ತಾನೆ. ದರ್ಶನ ಸರಿ, ಅದು ಅರ್ಥವಾಗುತ್ತದೆ. ಮೊದಲು ತಡೆದದ್ದು ಹೇಗೆ? ಜ್ವರ ಬಂತಾ? ಜೊತೆಯವರು ಜಗಳ ತೆಗೆದರಾ? ದಾರಿ ಕಟ್ಟಿತ್ತಾ? ಆ ಪುಸ್ತಕ ಬರೆದ ಲೂಕ ಹಡಗು ನಿಂತ ಬಂದರಿನ ಹೆಸರೆಲ್ಲ ಬರೆಯುತ್ತಾನೆ, ಇದನ್ನು ಮಾತ್ರ ಎರಡು ವಾಕ್ಯದಲ್ಲಿ ದಾಟಿಸಿಬಿಡುತ್ತಾನೆ. ನಮ್ಮಂಥವರಿಗೆ ಬೇಕಾಗಿದ್ದದ್ದು ಅದೇ ಆಗಿತ್ತು. ನಿಂತುಹೋದ ಕೆಲಸಗಳು ನಮ್ಮಲ್ಲಿ ಬೇಕಾದಷ್ಟಿವೆ, ದರ್ಶನ ಯಾರಿಗೂ ಬಿದ್ದಿಲ್ಲ.

ಈಗಿನ ಸಭಾಪಾಲಕರನ್ನು ಕೇಳಿದೆ. ಹುಡುಗರು, ಚೆನ್ನಾಗಿ ಓದಿಕೊಂಡಿದ್ದಾರೆ. "ಒಳ್ಳೆ ಪ್ರಶ್ನೆ ಅದರಿ. ಬುಧವಾರ ಸಂಜಿಕ ಬೈಬಲ್ ಅಧ್ಯಯನಕ್ಕ ಬರ್ರಿ, ಅದೇ ಅಧ್ಯಾಯ ತಗೋತೇವಿ" ಅಂದರು. ಹೋಗಬೇಕು ಅಂತ ಇತ್ತು. ಆದರೆ ಬುಧವಾರ ಸಂಜೆ ನಮ್ಮ ಓಣಿಗೆ ನಳದ ನೀರು ಬಿಡುವ ಸರದಿ. ತಪ್ಪಿಸಿಕೊಂಡರೆ ಮುಂದಿನ ಸರದಿವರೆಗೆ ಟ್ಯಾಂಕರಿನವನ ಕಾಲು ಹಿಡಿಯಬೇಕು. ಮನೆಯಲ್ಲಿ ಮೋಟರ್ ಹಾಕೋಕೆ ಬರೋದು ನನಗೊಬ್ಬನಿಗೇ.